ಬೂಷ್ಟಿನ ಧೂಳೂ ನಮ್ಮ ಉಸಿರೂ

ಅಡಿಕೆ ಸುಲಿಯುವ ಕಾಲದಲ್ಲಿ ಚನ್ನಗಿರಿಯ ಸುತ್ತಿನ ಊರುಗಳಿಗೆ ಹೋಗಿಬಂದವರಿಗೆ ರಸ್ತೆಯ ಬದಿಯಲ್ಲಿ ಸುರಿದಿರುವ ಸಿಪ್ಪೆಯ ರಾಶಿಗಳ ಪರಿಚಯ ಇದ್ದೇ ಇರುತ್ತದೆ. ಒಂದು ಮಳೆ ಬಿದ್ದು ನಾಲ್ಕು ದಿನವಾದ ಮೇಲೆ, ಬೆಳಗಿನ ಚಳಿಯಲ್ಲಿ, ಅಂಥ ರಾಶಿಯೊಂದರ ಹತ್ತಿರ ನಿಂತು ನೋಡಿ. ಮೇಲಿನಿಂದ ತೆಳುವಾದ ಹಬೆ ಏಳುತ್ತಿರುತ್ತದೆ. ಕೋಲಿನಿಂದ ಕೆದಕಿದರೆ ಒಳಗೆ ಬೂದುಬಣ್ಣದ, ಹಸುರುಬಣ್ಣದ ಹುಡಿ, ಕೈಯಿಟ್ಟರೆ ಬಿಸಿ. ಹೊನ್ನಾಳಿ, ನ್ಯಾಮತಿಗಳ ಕಡೆ ಹಸಿಯಾಗಿಯೇ ಒಟ್ಟಿದ ಭತ್ತದ ಹುಲ್ಲಿನ ಬಣವೆಯಲ್ಲಿಯೂ, ಜಗಳೂರಿನ ಕಡೆ ಅಕಾಲದ ಮಳೆಗೆ ಸಿಕ್ಕಿದ ಮೆಕ್ಕೆಜೋಳದ ತೆನೆಯ ರಾಶಿಯಲ್ಲಿಯೂ, ಎಲ್ಲ ಊರುಗಳ ಗೊಬ್ಬರದ ಗುಂಡಿಯಲ್ಲಿಯೂ ಇದೇ ಬಿಸಿ, ಇದೇ ಹುಡಿ. ನಮ್ಮವರು ಇದನ್ನು ಬೂಷ್ಟು ಎನ್ನುತ್ತಾರೆ, ಕೆಲವರು ಬೂಸರು ಎನ್ನುತ್ತಾರೆ. ಕೆದಕಿದಾಗ ಮೇಲೆದ್ದ ಹೊಗೆಯಂಥ ಆ ಧೂಳು ನಮ್ಮ ಮೂಗಿನೊಳಕ್ಕೆ ಹೋದ ಮೇಲೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಶಾಸ್ತ್ರಗ್ರಂಥಗಳಲ್ಲಿ ಬೂಷ್ಟಿಗೆ ಶಿಲೀಂಧ್ರವೆಂದು ಹೆಸರು. ಹಳೆಯ ಸಂಸ್ಕೃತ ಶಬ್ದವಿದು. ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರ ಏಳುವ ವರ್ಣನೆಯುಂಟು. ವ್ಯಾಖ್ಯಾನಕಾರರು ಅಲ್ಲಿ ಕಂದಲಿಯೆಂಬ ಗಿಡವನ್ನು ಹೇಳಿದರೂ, ಮಳೆಗಾಲದ ಅಣಬೆಯನ್ನು ಕಂಡ ಹಳ್ಳಿಗನಿಗೆ ಆ ಮಾತಿನ ಅರ್ಥ ಬೇರೆ ತೋರುವುದು ಸಹಜ. ಅಣಬೆಯೂ ಬೂಷ್ಟೂ ಒಂದೇ ಕುಲ. ಅಣಬೆಯನ್ನು ನಾವು ತಿನ್ನುತ್ತೇವೆ, ಬೂಷ್ಟನ್ನು ಉಸಿರಾಡುತ್ತೇವೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮಿಕೇಲಿ ಎಂಬ ಪಾದ್ರಿ ಇದ್ದ; ಸಸ್ಯಶಾಸ್ತ್ರದಲ್ಲಿ ಅವನಿಗೆ ಬಹಳ ಆಸಕ್ತಿ. 1729ರಲ್ಲಿ ಅವನು ಒಂದು ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕಡ್ಡಿಯ ತುದಿಯಲ್ಲಿ ಗುಂಡಗಿನ ತಲೆ, ತಲೆಯ ಸುತ್ತ ಹನಿಗಳು ಚಿಮ್ಮಿದಂತೆ ಬೀಜಕಣಗಳ ಸರ. ತನ್ನ ಇಗರ್ಜಿಯಲ್ಲಿ ಪವಿತ್ರಜಲವನ್ನು ಪ್ರೋಕ್ಷಿಸುವ ಸಲಕರಣೆಯ ನೆನಪು ಬಂದು ಅದಕ್ಕೆ ಆಸ್ಪರ್ಜಿಲಸ್ ಎಂದು ಹೆಸರಿಟ್ಟ. ಪ್ರೋಕ್ಷಣೆಯ ಹೆಸರು ಹೊತ್ತ ಈ ಬೂಷ್ಟೇ ನಮ್ಮ ಕಥೆಯ ಮುಖ್ಯ ಪಾತ್ರ.

ಅದರ ಒಂದು ಬೀಜಕಣದ ಅಡ್ಡಳತೆ ಎರಡರಿಂದ ಮೂರು ಮೈಕ್ರಾನು. ಒಂದು ಮಿಲಿಮೀಟರಿನಷ್ಟು ಜಾಗದಲ್ಲಿ ಸಾಲಾಗಿ ಇಟ್ಟರೆ ಸುಮಾರು ನಾನ್ನೂರು ಕಣ ಹಿಡಿಸುತ್ತವೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರು ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಅದರೊಂದಿಗೆ ಆಸ್ಪರ್ಜಿಲಸಿನ ನೂರಾರು ಕಣಗಳು, ಕಣಕ್ಕೆ ಇಳಿದವನಾದರೆ, ಬಣವೆ ಬಿಚ್ಚಿದವನಾದರೆ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಒಳಕ್ಕೆ ಹೋಗುತ್ತವೆ. (ಕಣ ಎಂಬ ಒಂದೇ ಮಾತು ಒಕ್ಕುವ ಅಂಗಳಕ್ಕೂ ಧೂಳಿನ ಅಣುವಿಗೂ ಸಲ್ಲುವುದು ನಮ್ಮ ಭಾಷೆಯ ತಮಾಷೆ, ಇಲ್ಲಿ ಎರಡೂ ಒಟ್ಟಿಗೆ ಬಂದುವು.) ಹೀಗಿದ್ದೂ ನಾವು ಯಾರೂ ಬೂಷ್ಟು ಹಿಡಿದು ಸಾಯುತ್ತಿಲ್ಲವಲ್ಲ, ಏಕೆ?

ಮೊದಲ ಕಾರಣ ನಮ್ಮ ಮೈಯ ಕಾವು. ಹೆಚ್ಚಿನ ಬೂಷ್ಟುಗಳಿಗೆ 37 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೆಳೆಯಲು ಬರುವುದಿಲ್ಲ. ರೊಟ್ಟಿಯ ಮೇಲೆ, ಉಪ್ಪಿನಕಾಯಿಯ ಮೇಲೆ ಹಾಯಾಗಿರುವ ಬೂಷ್ಟು ನಮ್ಮೊಳಗೆ ಬಂದರೆ ಸುಮ್ಮನೆ ಸೊರಗುತ್ತದೆ. ಆದರೆ ಆ ಸಿಪ್ಪೆಯ ರಾಶಿಯ ಹಬೆಯನ್ನು ನೆನಪಿಗೆ ತಂದುಕೊಳ್ಳಿ. ಒದ್ದೆ ಕಸ ಕೊಳೆಯುವಾಗ ತನ್ನಷ್ಟಕ್ಕೆ ತಾನೇ ಕಾಯುತ್ತದೆ. ಒಳಗಿನ ಶಾಖ ಐವತ್ತು ಡಿಗ್ರಿಯನ್ನೂ ದಾಟುವುದುಂಟು. ಅಂಥ ಕಡೆಯೇ ಹುಟ್ಟಿ ಬೆಳೆದ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಜಾತಿಗೆ ನಮ್ಮ ಮೈಯ ಕಾವು ಮರದ ನೆರಳಿದ್ದಂತೆ. ಗೊಬ್ಬರದ ಗುಂಡಿಯೇ ಅದಕ್ಕೆ ಗರಡಿಮನೆ.

ಇಂಥ ಪೈಲ್ವಾನನನ್ನು ತಡೆಯಲು ಬೇರೆ ಕಾವಲು ಬೇಕು. ದಪ್ಪ ಧೂಳು ಮೂಗಿನ ಕೂದಲಿಗೂ ತೇವಕ್ಕೂ ಸಿಕ್ಕಿಬೀಳುತ್ತದೆ. ಮುಂದೆ ಗಾಳಿಯ ಕೊಳವೆಗಳ ಒಳಗೋಡೆಯ ತುಂಬ ಕಣ್ಣಿಗೆ ಕಾಣದ ರೋಮಗಳಿದ್ದು, ಅವು ಸೆಕೆಂಡಿಗೆ ಹತ್ತು ಹದಿನೈದು ಸಲ, ಗಾಳಿಗೆ ಪೈರು ಬಾಗಿದಂತೆ ಒಂದೇ ಕಡೆಗೆ ಬಾಗುತ್ತ, ಕಫದ ತೆಳುಪೊರೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನಮಗೆ ಗೊತ್ತೇ ಆಗದಂತೆ ಅದನ್ನು ನುಂಗಿಬಿಡುತ್ತೇವೆ. ಬೀಡಿ ಸಿಗರೇಟಿನ ಹೊಗೆ ಈ ರೋಮಗಳನ್ನು ಕೆಡಿಸುತ್ತದೆ. ಕಣದಲ್ಲಿ ದುಡಿದು ಬಂದು ಬೀಡಿ ಹಚ್ಚುವವನು ಕಸ ಬಿದ್ದಾಗಲೇ ಕಸಬರಿಕೆಯನ್ನು ಸುಟ್ಟಂತೆ.

ಎರಡು ಮೂರು ಮೈಕ್ರಾನಿನ ಕಣಗಳಲ್ಲಿ ಒಂದು ಭಾಗ ಇಷ್ಟನ್ನೂ ದಾಟಿ ಕೊನೆಯ ಗಾಳಿಗೂಡುಗಳಿಗೆ ತಲುಪುತ್ತದೆ. ಇಂಥ ಗೂಡುಗಳು ನಮ್ಮಲ್ಲಿ ಮೂವತ್ತರಿಂದ ಐವತ್ತು ಕೋಟಿಯಷ್ಟಿವೆ. ಇವುಗಳ ಗೋಡೆ ಅತಿ ತೆಳು. ಆಚೆ ರಕ್ತ, ಈಚೆ ಗಾಳಿ. ಇಲ್ಲಿ ರೋಮವಿಲ್ಲ, ಕಫವಿಲ್ಲ. ಇದ್ದರೆ ಉಸಿರೇ ಸಾಗದು. ಇಲ್ಲಿ ಕಾವಲಿಗಿರುವುದು ಗೂಡಿನಿಂದ ಗೂಡಿಗೆ ತೆವಳುತ್ತ, ಸಿಕ್ಕಿದ್ದನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಜೀವಕಣ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ದೊಡ್ಡ ತಿಂಡಿಪೋತ. ನಾನು ಭಕ್ಷಕ ಎಂದು ಕರೆಯುತ್ತೇನೆ.

ಭಕ್ಷಕ ಕಣಗಳ ವಿಚಾರವನ್ನು ಲೋಕಕ್ಕೆ ತಿಳಿಸಿದ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿಯ ಕಥೆ ಸೊಗಸಾಗಿದೆ. 1882ರಲ್ಲಿ ಸಿಸಿಲಿ ದ್ವೀಪದ ಮೆಸೀನದಲ್ಲಿದ್ದಾಗ ಅವನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳಿಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟ. ಬೆಳಗಾಗುವುದರೊಳಗೆ ಮುಳ್ಳಿನ ಸುತ್ತ ಸಂಚಾರಿ ಕಣಗಳು ಮುತ್ತಿದ್ದುವು. ಅದಕ್ಕಿಂತ ನಮಗೆ ಹೆಚ್ಚು ಸಂಬಂಧಪಟ್ಟದ್ದು ಅವನು 1884ರಲ್ಲಿ ಪ್ರಕಟಿಸಿದ ಕೆಲಸ. ಡ್ಯಾಫ್ನಿಯಾ ಎಂಬ ಒಂದು ನೀರುಹುಳು ಕೆರೆಯ ನೀರಿನೊಂದಿಗೆ ಸೂಜಿಯಂಥ ಶಿಲೀಂಧ್ರದ ಬೀಜಗಳನ್ನು ನುಂಗುತ್ತದೆ. ಅವು ಕರುಳನ್ನು ತೂರಿ ಒಳಬಂದರೆ ಭಕ್ಷಕಗಳು ಸುತ್ತುವರಿದು ತಿನ್ನುತ್ತವೆ. ತಿನ್ನುವುದು ಬೇಗನೆ ಆದರೆ ಹುಳು ಬದುಕಿತು. ಬೀಜ ಮೊದಲು ಮೊಳೆತರೆ ಹುಳು ಸತ್ತಿತು. ದೇಹರಕ್ಷಣೆಯ ಶಾಸ್ತ್ರವೆಲ್ಲ ಒಂದು ಹುಳುವಿಗೂ ಒಂದು ಶಿಲೀಂಧ್ರಕ್ಕೂ ನಡೆದ ಈ ಕಾಳಗದಿಂದ ಕಣ್ತೆರೆಯಿತೆಂದರೆ ಹೆಚ್ಚಲ್ಲ. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನದ ಪಾಲು ಬಂತು.

ನಮ್ಮ ಗಾಳಿಗೂಡಿನಲ್ಲಿಯೂ ಪಂದ್ಯ ಅದೇ: ಬೀಜ ಮೊಳೆಯುವುದು ಮೊದಲೋ, ಭಕ್ಷಕ ಅರಗಿಸುವುದು ಮೊದಲೋ. ಸುಮಾರು ನಾಲ್ಕರಿಂದ ಆರು ಗಂಟೆಯಲ್ಲಿ ಬೀಜಕಣ ನೀರು ಕುಡಿದು ಊದಿಕೊಳ್ಳುತ್ತದೆ. ಆಮೇಲೆ ಎಳೆ ಹೊರಡುತ್ತದೆ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಬಂದ ಪ್ರತಿಯೊಂದು ಕಣಕ್ಕೂ ದೇಹ ಡಂಗುರ ಹೊಡೆಸಿ ಸೈನ್ಯ ಕರೆಸಿದರೆ, ದಿನಕ್ಕೆ ನೂರಾರು ಸಲ ಶ್ವಾಸಕೋಶ ಬಾತುಕೊಂಡು ನಾವು ಉಸಿರುಕಟ್ಟಿ ಸಾಯಬೇಕಾಗುತ್ತದೆ. ಆದ್ದರಿಂದ ಒಣಗಿ ಮಲಗಿರುವ ಬೀಜಕಣವನ್ನು ದೇಹ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರ ಗುಟ್ಟನ್ನು 2009ರಲ್ಲಿ ಪ್ಯಾರಿಸಿನಿಂದ ಹೊರಟ ಒಂದು ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟಿತು. ಅದರ ಲೇಖಕರ ಪಟ್ಟಿಯಲ್ಲಿ ಮೊದಲ ಎರಡು ಹೆಸರು ವಿಶುಕುಮಾರ್ ಐಮನಿಯಂಡ, ಜಗದೀಶ್ ಬೈರಿ. ನಮ್ಮ ಕಿವಿಗೆ ಹೊಸವಲ್ಲದ ಹೆಸರುಗಳು. ಬೀಜಕಣದ ಮೈಮೇಲೆ ನೀರಂಟದ ಒಂದು ಪ್ರೋಟೀನಿನ ಹೊದಿಕೆಯಿದೆ. ಕೆಸುವಿನ ಎಲೆಯ ಮೇಲೆ ಹನಿ ಜಾರುವ ಹಾಗೆ ದೇಹದ ಕಾವಲಿನ ದೃಷ್ಟಿ ಅದರ ಮೇಲೆ ಜಾರುತ್ತದೆ. ಹೊದಿಕೆಯನ್ನು ತೆಗೆದುಹಾಕಿದ ಕಣಗಳನ್ನು ಕಂಡೊಡನೆ ದೇಹ ಕೆರಳಿತು. ಹೊದಿಕೆಯಿದ್ದವನ್ನು ಕಂಡು ಸುಮ್ಮನಿತ್ತು. ಬೀಜ ಊದಿಕೊಂಡಾಗ ಈ ಹೊದಿಕೆ ತಾನೇ ಹರಿಯುತ್ತದೆ. ಒಳಗಿನ ಗ್ಲೂಕನ್ ಎಂಬ ಸಕ್ಕರೆಯ ಸರಪಣಿ ಹೊರಬೀಳುತ್ತದೆ. ನಮ್ಮ ಮೈಯಲ್ಲಿ ಎಲ್ಲಿಯೂ ಇಲ್ಲದ ವಸ್ತುವದು. ಭಕ್ಷಕದ ಮೈಮೇಲೆ ಅದನ್ನೇ ಹಿಡಿಯಲೆಂದು ಡೆಕ್ಟಿನ್ ಎಂಬ ಕೊಂಡಿಯಿದೆ. ಕೊಂಡಿಗೆ ಗ್ಲೂಕನ್ ಸಿಕ್ಕಿತೆಂದರೆ ಆಗ ಡಂಗುರ. ಮಲಗಿದವನನ್ನು ಬಿಟ್ಟು ಎದ್ದವನನ್ನು ಹೊಡೆಯುವುದು ಇಲ್ಲಿಯ ನೀತಿ. ಬೂಷ್ಟಿಗೂ ತನ್ನ ಉಪಾಯ ಉಂಟು: ಆ ಹಸುರು ಬೂದು ಬಣ್ಣ ಬರಿಯ ಶೃಂಗಾರವಲ್ಲ, ಭಕ್ಷಕದ ಹೊಟ್ಟೆಯೊಳಗಿನ ಹುಳಿಯನ್ನು ತಡೆಯುವ ಕವಚ.

ಡಂಗುರ ಕೇಳಿ ರಕ್ತದಿಂದ ಓಡಿಬರುವವು ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಎರಡೂವರೆ ಸಾವಿರದಿಂದ ಏಳು ಸಾವಿರದವರೆಗೆ ಇರುತ್ತವೆ; ಆಯುಸ್ಸು ಹೆಚ್ಚು ಕಡಿಮೆ ಒಂದು ದಿನ. ಮೊಳೆತು ಎಳೆಯಾದ ಬೂಷ್ಟು ಒಂದು ಕಣದ ಬಾಯಿಗೆ ಹಿಡಿಸುವುದಿಲ್ಲ. ಆಗ ಇವು ಸುತ್ತಲೂ ಕವಿದು ಉಗ್ರವಾದ ಆಮ್ಲಜನಕದ ಸಂಯುಕ್ತಗಳನ್ನು ಅದರ ಮೇಲೆ ಎರಚುತ್ತವೆ. ತಮ್ಮ ಒಡಲಿನ ನೂಲನ್ನೇ ಬಿಚ್ಚಿ ಬಲೆಯಾಗಿ ಬೀಸಿ ಸಾಯುವುದೂ ಉಂಟು. ಈ ಎರಚುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಅಪರೂಪಕ್ಕೆ ಹುಟ್ಟುತ್ತಾರೆ. ಅಂಥವರು ತೋಟದಲ್ಲಿ ಕೊಳೆತ ಎಲೆಗೊಬ್ಬರವನ್ನು ಒಂದು ದಿನ ಕೆದಕಿದ್ದಕ್ಕೇ ಪ್ರಾಣಾಪಾಯದ ಶ್ವಾಸಕೋಶದ ಬೇನೆಗೆ ಗುರಿಯಾದ ದಾಖಲೆಗಳಿವೆ. ಕಾವಲು ಎಷ್ಟು ಮುಖ್ಯವೆಂಬುದಕ್ಕೆ ನೊಣದ ಸಾಕ್ಷಿಯೂ ಇದೆ. 1996ರಲ್ಲಿ ಫ್ರಾನ್ಸಿನ ಹಾಫ್‌ಮನ್ ಮತ್ತು ಅವರ ಸಂಗಡಿಗರು ಟೋಲ್ ಎಂಬ ಒಂದು ಜೀನು ಕೆಟ್ಟ ಹಣ್ಣುನೊಣಗಳಿಗೆ ಇದೇ ಆಸ್ಪರ್ಜಿಲಸನ್ನು ಸೋಂಕಿಸಿದಾಗ ಅವು ಬೂಷ್ಟು ಹಿಡಿದು ಸತ್ತುವು. ಮೈತುಂಬ ಎಳೆ ಹೊದ್ದ ಆ ನೊಣದ ಚಿತ್ರ ಪ್ರಸಿದ್ಧವಾಯಿತು. 2011ರಲ್ಲಿ ನೊಬೆಲ್ ಬಹುಮಾನದ ಪಾಲನ್ನೂ ತಂದುಕೊಟ್ಟಿತು.

ಇಷ್ಟು ಹೇಳಿದ ಮೇಲೆ, ರೋಗ ಬರುವ ಬಗೆ ಎರಡು ಎಂಬುದು ನಿಮಗೆ ಹೊಳೆದಿರಬಹುದು. ಕಾವಲು ಬಡವಾದರೆ ಒಂದು. ಕಾವಲು ಮಿತಿಮೀರಿ ಕೆರಳಿದರೆ ಇನ್ನೊಂದು.

ಮೊದಲನೆಯದನ್ನು ನಾವೆಲ್ಲ 2021ರ ಬೇಸಗೆಯಲ್ಲಿ ಕಂಡೆವು. ಕೊರೋನದ ಎರಡನೆಯ ಅಲೆಯಲ್ಲಿ ಬದುಕಿ ಉಳಿದವರಿಗೆ ಕಣ್ಣಿನ ಸುತ್ತ ಊದಿಕೊಂಡು, ಮೂಗಿನಲ್ಲಿ ಕಪ್ಪು ಸಿಂಬಳ ಬಂದು, ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ಪತ್ರಿಕೆಗಳು ಅದನ್ನು ಕಪ್ಪು ಶಿಲೀಂಧ್ರವೆಂದು ಕರೆದುವು. ಹೆಸರು ತಪ್ಪು: ಶಿಲೀಂಧ್ರ ಕಪ್ಪಲ್ಲ, ರಕ್ತ ಕಟ್ಟಿ ಸತ್ತ ಮಾಂಸ ಕಪ್ಪು. ಮ್ಯೂಕರ್ ವಂಶದ ಈ ಬೂಷ್ಟುಗಳು ಮಣ್ಣು, ಸಗಣಿ, ಕೊಳೆತ ಹಣ್ಣುಗಳಲ್ಲಿ ಎಂದಿನಿಂದಲೂ ಇದ್ದವೇ. ಆ ವರ್ಷ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಜನರಿಗೆ ಅದು ತಗಲಿತ್ತು. ಆಂಫೊಟೆರಿಸಿನ್ ಎಂಬ ಮದ್ದಿಗೆ ಜನ ಊರೂರು ಅಲೆದರು. ಹೆಚ್ಚಿನ ರೋಗಿಗಳಿಗೆ ಸಕ್ಕರೆ ಕಾಯಿಲೆ ಇತ್ತು, ಹೆಚ್ಚಿನವರು ಸ್ಟೀರಾಯ್ಡ್ ಮದ್ದು ತೆಗೆದುಕೊಂಡಿದ್ದರು. ಮಿತಿಮೀರಿದ ಸಕ್ಕರೆ ನ್ಯೂಟ್ರೊಫಿಲುಗಳನ್ನು ಮಂಕಾಗಿಸುತ್ತದೆ. ಸ್ಟೀರಾಯ್ಡ್ ಭಕ್ಷಕದ ಕೈ ಕಟ್ಟುತ್ತದೆ. ಉಸಿರು ನಿಲ್ಲುತ್ತಿದ್ದವನ ಪ್ರಾಣ ಉಳಿಸಲು ಆ ಮದ್ದು ಬೇಕೇ ಆಗಿತ್ತು. ಅದನ್ನು ಕೊಟ್ಟದ್ದು ತಪ್ಪೆನ್ನಲಾರೆ. ಆದರೆ ಸಾಧಾರಣ ಜ್ವರಕ್ಕೇ ಅಂಗಡಿಯಿಂದ ತಾವಾಗಿ ತಂದು ನುಂಗಿದವರೂ ಇದ್ದರು. ಕ್ಯಾನ್ಸರಿನ ಮದ್ದಿನಿಂದ ನ್ಯೂಟ್ರೊಫಿಲ್ ಐನೂರಕ್ಕೂ ಕೆಳಗಿಳಿದವರಿಗೆ, ಬೇರೊಬ್ಬರ ಮೂತ್ರಪಿಂಡ ಕೂಡಿಸಿಕೊಂಡವರಿಗೆ ಆಸ್ಪರ್ಜಿಲಸಿನಿಂದ ಆಗುವುದೂ ಇದೇ ಬಗೆಯ ಅನಾಹುತ. ಮೂಗಿನ ಬದಲು ಅಲ್ಲಿ ಶ್ವಾಸಕೋಶದಲ್ಲಿ ಹೆಚ್ಚು.

ಎರಡನೆಯ ಬಗೆಗೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ನನ್ನ ಮನೆಯಾಕೆಯ ಅಣ್ಣ ನ್ಯಾಮತಿ ಕಡೆಯ ರೈತರು. ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಒಂದು ವರ್ಷ ಮಳೆಗಾಲ ಕಳೆದ ಮೇಲೆ ಅವರಿಗೆ ವಿಚಿತ್ರವಾದ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಳಿ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ. ಮಾರನೆಯ ದಿನ ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಮಲೇರಿಯವೆಂದು ಮದ್ದಾಯಿತು, ನ್ಯುಮೋನಿಯವೆಂದು ಸೂಜಿಯಾಯಿತು. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ಮೂರು ವಾರ ಇದ್ದರು, ಜ್ವರದ ಸುಳಿವಿಲ್ಲ. "ಬೆಂಗಳೂರಿನ ಹವಾ ಒಗ್ಗಿತು ಕಣ್ರೀ ಮೇಷ್ಟ್ರೆ" ಎಂದು ನನಗೆ ಹೇಳಿದರು. ಊರಿಗೆ ಬಂದ ಎರಡನೆಯ ದಿನವೇ ಮತ್ತೆ ಚಳಿ. ದಾವಣಗೆರೆಯಲ್ಲಿ ಒಬ್ಬ ವಯಸ್ಸಾದ ವೈದ್ಯರು ಎದೆಯ ಚಿತ್ರವನ್ನು ಪಕ್ಕಕ್ಕಿಟ್ಟು, "ಬೆಳಿಗ್ಗೆ ಎದ್ದು ಏನೇನು ಕೆಲಸ ಮಾಡ್ತೀರಿ, ಒಂದೊಂದಾಗಿ ಹೇಳಿ" ಎಂದರಂತೆ. ದನಕ್ಕೆ ಹುಲ್ಲು ಹಾಕುವುದು ಮೊದಲ ಕೆಲಸ. ಆ ವರ್ಷ ಬಣವೆ ನೆನೆದಿತ್ತು. ಹುಲ್ಲು ಹಿರಿದಾಗ ಹೊಗೆಯಂತೆ ಧೂಳು ಏಳುತ್ತಿತ್ತು. ಬೆಳಗಿನ ಹುಲ್ಲಿಗೂ ಸಂಜೆಯ ಜ್ವರಕ್ಕೂ ಏಳೆಂಟು ಗಂಟೆಯ ಅಂತರ ಇದ್ದುದರಿಂದ ಒಂದಕ್ಕೊಂದು ಗಂಟುಹಾಕಬೇಕೆಂದು ಯಾರಿಗೂ ತೋರಿರಲಿಲ್ಲ.

ಇದು ಸೋಂಕಲ್ಲ. ಅವರ ಶ್ವಾಸಕೋಶದಲ್ಲಿ ಏನೂ ಬೆಳೆಯುತ್ತಿರಲಿಲ್ಲ. ವರ್ಷಗಟ್ಟಲೆ ಇದೇ ಧೂಳನ್ನು ಕುಡಿದ ದೇಹ ಅದನ್ನು ನೆನಪಿಟ್ಟುಕೊಂಡು, ಸತ್ತ ಬೀಜಕಣ ಬಂದರೂ ಸೈನ್ಯ ಕರೆಸುವ ಅಭ್ಯಾಸ ಮಾಡಿಕೊಂಡಿತ್ತು. ಇಟಲಿಯ ರಾಮಾಜಿನಿ ಎಂಬ ವೈದ್ಯ 1700ರಲ್ಲಿಯೇ ಕಸುಬುಗಳ ರೋಗಗಳ ಮೇಲೆ ಬರೆದ ಗ್ರಂಥದಲ್ಲಿ ಕಾಳು ಜರಡಿ ಹಿಡಿಯುವವರ, ಅಳೆಯುವವರ ಕೆಮ್ಮು ಉಬ್ಬಸಗಳಿಗೆ ಒಂದು ಅಧ್ಯಾಯ ಮೀಸಲಿಟ್ಟ. 1932ರಲ್ಲಿ ಇಂಗ್ಲೆಂಡಿನ ಕ್ಯಾಂಬೆಲ್ ಎಂಬ ವೈದ್ಯ ಬೂಷ್ಟು ಹಿಡಿದ ಹುಲ್ಲು ಹಿರಿದ ರೈತರಲ್ಲಿ ನಮ್ಮ ಭಾವನವರ ಜ್ವರವನ್ನೇ ವರ್ಣಿಸಿದ. ಅದಕ್ಕೆ ರೈತನ ಶ್ವಾಸಕೋಶ ಎಂದೇ ಹೆಸರು ನಿಂತಿತು. ಅಲ್ಲಿ ಮುಖ್ಯ ಅಪರಾಧಿ ಬೂಷ್ಟಿನಂತೆ ಎಳೆ ಬಿಡುವ, ಆದರೆ ಬ್ಯಾಕ್ಟೀರಿಯ ಕುಲಕ್ಕೆ ಸೇರಿದ, ಬಿಸಿಹುಲ್ಲಿನಲ್ಲಿ ಬಾಳುವ ಜೀವಿಯೆಂದು 1960ರ ದಶಕದಲ್ಲಿ ಗೊತ್ತಾಯಿತು. ಆಸ್ಪರ್ಜಿಲಸಿನಂಥವೂ ಇದೇ ಕೆಲಸ ಮಾಡಬಲ್ಲವು. ವರ್ಷಗಟ್ಟಲೆ ಮರುಕಳಿಸಿದರೆ ಗಾಳಿಗೂಡಿನ ಗೋಡೆ ಗಾಯ ಮಾಗಿದ ಚರ್ಮದಂತೆ ದಪ್ಪಗಟ್ಟುತ್ತದೆ. ಆಮೇಲೆ ಧೂಳು ಬಿಟ್ಟರೂ ಉಸಿರು ಮರಳುವುದಿಲ್ಲ. ಉಬ್ಬಸವಿರುವ ಕೆಲವರಲ್ಲಿ ಬೂಷ್ಟು ಕಫದಲ್ಲಿಯೇ ನೆಲೆಸಿ ಉಬ್ಬಸವನ್ನು ಕೆರಳಿಸುತ್ತಿರುವ ಬೇರೊಂದು ರೂಪವೂ ಉಂಟು.

ಹಗೇವಿನಲ್ಲಿ ಇಳಿದವರು ಸತ್ತ ಹಳೆಯ ಕಥೆಗಳನ್ನು ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ಬೇರೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದುದು ಅದಕ್ಕೇ.

ಸ್ಟೀರಾಯ್ಡಿನ ಮಾತಿಗೆ ಮತ್ತೆ ಬರುತ್ತೇನೆ, ತೊಡಕಿರುವುದು ಅಲ್ಲಿಯೇ. ನಮ್ಮ ಭಾವನವರಿಗೆ ವೈದ್ಯರು ಕೊಟ್ಟದ್ದು ಸ್ಟೀರಾಯ್ಡ್ ಮಾತ್ರೆ. ಕೆರಳಿದ ಕಾವಲನ್ನು ಅದು ಸಮಾಧಾನಗೊಳಿಸಿತು, ಒಂದು ವಾರದಲ್ಲಿ ಉಸಿರು ಸಲೀಸಾಯಿತು. 2021ರಲ್ಲಿ ಬಡವಾದ ಕಾವಲನ್ನು ಇನ್ನಷ್ಟು ಕೆಡವಿದ್ದೂ ಅದೇ ಮಾತ್ರೆ. ಕೆಮ್ಮು ಎರಡರಲ್ಲಿಯೂ ಕೆಮ್ಮೇ, ಜ್ವರ ಜ್ವರವೇ. ಒಬ್ಬರ ಚೀಟಿಯನ್ನು ಇನ್ನೊಬ್ಬರು ಅಂಗಡಿಯಲ್ಲಿ ತೋರಿಸಿ ಮಾತ್ರೆ ತರುವ ನಮ್ಮ ಪೇಟೆಯ ಪದ್ಧತಿ ನನಗೆ ಭಯ ಹುಟ್ಟಿಸುವುದು ಇದರಿಂದಲೇ. (ಉಬ್ಬಸಕ್ಕೆ ವೈದ್ಯರು ಬರೆದುಕೊಟ್ಟ, ಬಾಯಿಂದ ಎಳೆದುಕೊಳ್ಳುವ ಮದ್ದಿನ ವಿಚಾರ ಬೇರೆ, ಅದರಲ್ಲಿ ಸ್ಟೀರಾಯ್ಡ್ ಅತ್ಯಲ್ಪ, ಇದನ್ನೋದಿ ಯಾರೂ ಅದನ್ನು ಬಿಡಬಾರದು.)

ಕ್ಷಯರೋಗ ಬಂದು ಗುಣವಾದವರ ಮಾತೊಂದು ಉಳಿಯಿತು. ಜಗಳೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಕ್ಷಯ ವಾಸಿಯಾಗಿ ಹಲವು ವರ್ಷಗಳ ಮೇಲೆ ಕಫದಲ್ಲಿ ರಕ್ತ ಕಂಡಿತು. ಮತ್ತೆ ಕ್ಷಯವೆಂದೇ ಮದ್ದು ನಡೆಯಿತು. ತೂಕ ಇಳಿಯುತ್ತಲೇ ಹೋಯಿತು. ಕಫದಲ್ಲಿ ಕ್ಷಯದ ಕ್ರಿಮಿ ಮಾತ್ರ ಸಿಕ್ಕಲಿಲ್ಲ. ಕೊನೆಗೆ ಚಿತ್ರದಲ್ಲಿ ಕಂಡದ್ದು, ಹಳೆಯ ಕ್ಷಯ ಕೊರೆದು ಬಿಟ್ಟುಹೋದ ಪೊಟರೆಯೊಳಗೆ ಲಿಂಬೆಹಣ್ಣಿನ ಗಾತ್ರದ ಬೂಷ್ಟಿನ ಉಂಡೆ. ಪೊಟರೆಗೆ ರಕ್ತದ ಓಡಾಟವಿಲ್ಲ, ಭಕ್ಷಕಗಳಿಗೆ ದಾರಿಯಿಲ್ಲ. ಪಾಳುಬಾವಿಯಲ್ಲಿ ಪಾರಿವಾಳ ಸೇರಿದಂತೆ ಬೂಷ್ಟು ಸೇರಿಕೊಂಡಿತ್ತು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಅಷ್ಟು ಅಪರೂಪವಲ್ಲ. ರಕ್ತದಲ್ಲಿ ಆಸ್ಪರ್ಜಿಲಸಿಗೆ ಎದುರಾದ ಪ್ರತಿವಸ್ತುವನ್ನು ಹುಡುಕುವ ಒಂದು ಪರೀಕ್ಷೆ ಮೊದಲೇ ಆಗಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು ಎಂದು ಕೇಳುವಿರಿ. ಹೆಗಲ ಮೇಲಿನ ಟವಲನ್ನು ಮೂಗಿಗೆ ಕಟ್ಟುವುದು ಕಣ್ಣಿಗೆ ಕಾಣುವ ಧೂಳಿಗೆ ಸಾಕು, ಎರಡು ಮೈಕ್ರಾನಿನ ಬೀಜಕ್ಕೆ ಸಾಲದು. ಕೊರೋನದ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಸುಕು ಮೂಗಿನ ಬದಿಯಲ್ಲಿ ಬಿಗಿಯಾಗಿ ಕೂತರೆ ತಡೆಯುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬುವುದು ಎಲ್ಲಕ್ಕಿಂತ ಮಿಗಿಲು. ಒಣಗಿದ್ದರಲ್ಲಿ ಬೂಷ್ಟು ಹುಟ್ಟುವುದೇ ಇಲ್ಲ. ಅಡಿಕೆ ಸಿಪ್ಪೆಯನ್ನು ಮನೆಯ ಮುಂದೆ ರಾಶಿ ಹಾಕುವುದು, ಅದಕ್ಕೆ ಬೆಂಕಿಯಿಟ್ಟು ಊರಿಗೆಲ್ಲ ಹೊಗೆ ಕುಡಿಸುವುದು, ಎರಡನ್ನೂ ನಮ್ಮ ಪೇಟೆಯ ಓದುಗರು ಬಲ್ಲರು. ವೈದ್ಯರ ಬಳಿ ಹೋದಾಗ ಕೆಮ್ಮಿನ ಜೊತೆಗೆ ಕೈಯ ಕೆಲಸವನ್ನೂ ಹೇಳಿ: ಹುಲ್ಲು, ಸಿಪ್ಪೆ, ಜೋಳ, ಗೊಬ್ಬರ, ಮನೆಯ ಒದ್ದೆ ಗೋಡೆ. ಅವರು ಕೇಳದಿದ್ದರೂ ಹೇಳಿ.

ನಮ್ಮ ಭಾವನವರು ದನಗಳನ್ನು ಮಾರಲಿಲ್ಲ. ಹುಲ್ಲು ಹಿರಿಯುವುದು ಈಗ ಮಗನ ಪಾಲಿಗೆ ಬಂದಿದೆ. ಅವನು ಹಿಂದಿನ ರಾತ್ರಿಯೇ ಬಣವೆಯ ಆ ಮಗ್ಗುಲಿಗೆ ನೀರು ಚಿಮುಕಿಸಿ, ಮುಸುಕು ಕಟ್ಟಿ ಹಿರಿಯುತ್ತಾನೆ. ಅಪ್ಪ ಗಾಳಿ ಬರುವ ಕಡೆಗೆ, ಇಪ್ಪತ್ತು ಮಾರು ದೂರದ ಬೇವಿನ ಮರದ ಕೆಳಗೆ ನಿಂತು ಅಲ್ಲಿಂದಲೇ ಹೀಗಲ್ಲ ಹಾಗೆ ಎಂದು ಕೂಗುತ್ತಿರುತ್ತಾರೆ. ಕೂಗಲು ಉಸಿರಿದೆ.